ನಮ್ಮ ಊರಿನ ಚರಿತ್ರೆಯನ್ನು ಓದುವುದು ಹೇಗೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಫೋನ್ ಮಾಡಿ, "ನೀವು ಸಾಫ್ಟ್‌ವೇರ್ ಇಂಜಿನಿಯರ್ ಇದ್ದೀರಿ, ಕಂಪ್ಯೂಟರ್ ಬಗ್ಗೆ, ನೌಕರಿ ಬಗ್ಗೆ ಮಕ್ಕಳಿಗೆ ಎರಡು ಮಾತು ಹೇಳ್ರಿ" ಅಂದರು. ನಾನು, "ಅದನ್ನು ಬೇರೆಯವರು ಹೇಳುತ್ತಾರೆ, ನನಗೆ ಊರಿನ ಚರಿತ್ರೆಯ ಬಗ್ಗೆ ಮಾತಾಡಲು ಬಿಡಿ" ಎಂದು ಕೇಳಿಕೊಂಡೆ. ಅವರಿಗೆ ಆಶ್ಚರ್ಯವಾಯಿತು. ನಾನು ಚರಿತ್ರೆ ಓದಿದವನಲ್ಲ. ಹತ್ತನೇ ತರಗತಿಯಲ್ಲಿ ಸಮಾಜ ವಿಜ್ಞಾನಕ್ಕೆ ನನಗೆ ಎಷ್ಟು ಅಂಕ ಬಂದಿದ್ದವು ಎಂಬುದು ಇಲ್ಲಿ ಕುಳಿತಿರುವ ನಮ್ಮ ಗುರುಗಳಿಗೆ ಗೊತ್ತಿದೆ. ಆದರೂ ಈ ವಿಷಯವನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಆ ಕಾರಣ ನಮ್ಮ ಮನೆಯ ಒಂದು ತಾಮ್ರದ ಹಂಡೆ. ಅದರ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ಊರಿನ ಹೆಸರಿನಿಂದ ಆರಂಭಿಸೋಣ.

ಕಂಪ್ಯೂಟರಿನಲ್ಲಿ ಮಹಾಗಾಂವ ಎಂದು ಹುಡುಕಿದರೆ ಮೊದಲು ನಮ್ಮ ಊರು ಸಿಗುವುದಿಲ್ಲ. ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಒಂದು ಮಹಾಗಾಂವ ಇದೆ, ಅದು ತಾಲ್ಲೂಕು ಕೇಂದ್ರ. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ಕಡೆ ಇನ್ನೊಂದು ಇದೆ. ನಮ್ಮದು ಕಲಬುರಗಿಯಿಂದ ಹುಮನಾಬಾದಕ್ಕೆ ಹೋಗುವ ಹೆದ್ದಾರಿಯ ಊರು. ಬಸ್ಸಿನವರಿಗೆ ನಾವು "ಮಹಾಗಾಂವ ಕ್ರಾಸ್". ಹೆಸರಿನ ಕೊನೆಯಲ್ಲಿ "ಗಾಂವ" ಇರುವುದನ್ನು ಕೇಳಿ ಬೆಂಗಳೂರಿನಲ್ಲಿ ನನ್ನ ಸಹೋದ್ಯೋಗಿಗಳು, "ನಿಮ್ಮದು ಮರಾಠಿ ಊರೇನು?" ಎಂದು ಕೇಳುತ್ತಾರೆ. ಅಲ್ಲ. ಸಂಸ್ಕೃತದ ಗ್ರಾಮ ಎಂಬ ಪದವೇ ಒಂದು ಕಡೆ ಗಾಂವ ಆಗಿದೆ, ಒಂದು ಕಡೆ ಗಾವಿ ಆಗಿದೆ. ಮಹಾಗಾಂವ ಎಂದರೆ ದೊಡ್ಡ ಊರು. ಕನ್ನಡ, ಮರಾಠಿ, ದಖನಿ, ತೆಲುಗು, ಲಂಬಾಣಿ ಇಷ್ಟೂ ಮಾತು ಒಂದೇ ಸಂತೆಯಲ್ಲಿ ಕೇಳುವ ಸೀಮೆ ನಮ್ಮದು. ನಮ್ಮ ಊರಿನ ಹೆಸರೂ ಆ ಸಂತೆಯಲ್ಲೇ ಹುಟ್ಟಿದೆ ಎಂದು ನಾನು ತಿಳಿದುಕೊಂಡಿದ್ದೇನೆ.

ಊರಿನ ವಿಳಾಸವೂ ಸುಮ್ಮನೆ ಕುಳಿತಿಲ್ಲ. ನನ್ನ ಅಂಕಪಟ್ಟಿಯ ಮೇಲೆ "ತಾ. ಜಿ. ಗುಲಬರ್ಗಾ" ಎಂದಿದೆ. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. 2018ರಲ್ಲಿ ಕಮಲಾಪುರ ಹೊಸ ತಾಲ್ಲೂಕಾಗಿ ಕೆಲಸ ಆರಂಭಿಸಿತು, ನಮ್ಮ ಹೋಬಳಿ ಅದಕ್ಕೆ ಸೇರಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ನಾವು ಎಲ್ಲೂ ಹೋಗಿಲ್ಲ, ಕುಳಿತಲ್ಲೇ ಕುಳಿತಿದ್ದೇವೆ. ಆದರೂ ನಮ್ಮ ಶಾಲೆಯ ಇಬ್ಬರು ವಿದ್ಯಾರ್ಥಿಗಳ ವರ್ಗಾವಣೆ ಪತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಅವರು ಬೇರೆ ಬೇರೆ ತಾಲ್ಲೂಕು, ಬೇರೆ ಬೇರೆ ಜಿಲ್ಲೆಯವರಂತೆ ಕಾಣುತ್ತಾರೆ. ಹಳೆಯ ಕಾಗದ ಓದುವವರು ಮೊದಲು ಕಲಿಯಬೇಕಾದದ್ದು ಇದನ್ನೇ: ಊರು ಒಂದೇ, ಅದರ ಮೇಲಿನ ಹೆಸರುಪಟ್ಟಿ ಬದಲಾಗುತ್ತಿರುತ್ತದೆ.

ಹೆಸರಿಗಿಂತ ಹಳೆಯದು ನೆಲ. ನಮ್ಮ ಕಪ್ಪು ಎರೆಮಣ್ಣು ಬಂದದ್ದು ದಖನ್ ಪೀಠಭೂಮಿಯ ಲಾವಾ ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಆರಿ ಕಲ್ಲಾಗಿ, ಆ ಕಲ್ಲು ಸವೆದು ಈ ಮಣ್ಣಾಯಿತು. ಈ ಮಣ್ಣು ಮಳೆಗಾಲದ ನೀರನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಹಿಂಗಾರಿನಲ್ಲಿ ಮಳೆ ಇಲ್ಲದಿದ್ದರೂ ಬಿಳಿಜೋಳ ಬರುತ್ತದೆ. ತೊಗರಿಯ ಬೇರು ಆಳಕ್ಕೆ ಇಳಿದು ಅದೇ ತೇವ ಕುಡಿಯುತ್ತದೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಸ್ವಲ್ಪ ಮುಂದೆ ಕಮಲಾಪುರದ ಕಡೆ ಹೋದರೆ ಮಣ್ಣು ಕೆಂಪಾಗುತ್ತದೆ. ಅಲ್ಲಿಯ ಕೆಂಪು ಬಾಳೆಹಣ್ಣಿಗೂ ಜಿಐ ಮಾನ್ಯತೆ ಇದೆ. ಒಂದೇ ತಾಲ್ಲೂಕಿನಲ್ಲಿ ಎರಡು ಮಣ್ಣು, ಎರಡು ಬೆಳೆ, ಎರಡು ಬಗೆಯ ಬದುಕು. ಯಾವ ರಾಜ ಬಂದರೂ ಜೋಳದ ರೊಟ್ಟಿ ಬದಲಾಗಲಿಲ್ಲ. ನಮ್ಮ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೀರ್ಘಕಾಲ ಆಳಿದ್ದು ಜೋಳ ಎಂದು ನಾನು ತಮಾಷೆಗೆ ಹೇಳುವುದಿದೆ.

ಇನ್ನು ಕಲ್ಲಿನ ಚರಿತ್ರೆ. ನಮ್ಮ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ 9ನೇ ಶತಮಾನದಲ್ಲಿ ಅಲ್ಲಿಂದ ಆಳಿದ. ಕನ್ನಡದಲ್ಲಿ ಸಿಕ್ಕ ಮೊದಲ ಗ್ರಂಥ "ಕವಿರಾಜಮಾರ್ಗ" ಅವನ ಆಸ್ಥಾನದಲ್ಲಿ ಹುಟ್ಟಿತು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು ಅದು ಹೇಳುತ್ತದೆ. ಆ ಲೆಕ್ಕದಲ್ಲಿ ನಾವು ಗಡಿಯವರಲ್ಲ, ಒಳನಾಡಿನವರು. ಮುಂದೆ ಚಾಲುಕ್ಯರು ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡರು. 12ನೇ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿ ಬಸವಾದಿ ಶರಣರು ಕಾಯಕ ಮತ್ತು ದಾಸೋಹದ ಮಾತು ಆಡಿದರು. ದಕ್ಷಿಣಕ್ಕೆ ಮಳಖೇಡ, ಉತ್ತರಕ್ಕೆ ಕಲ್ಯಾಣ, ನಡುವೆ ನಮ್ಮ ಸೀಮೆ.

ಚಿತ್ತಾಪುರದ ಹತ್ತಿರ ನಾಗಾವಿ ಇದೆ, ನಿಮ್ಮಲ್ಲಿ ಅನೇಕರು ನೋಡಿರಬಹುದು. ಅಲ್ಲಿಯ 1058ರ ಶಾಸನ ನನಗೆ ಬಹಳ ಇಷ್ಟ. ಅದು ಯುದ್ಧದ ಶಾಸನವಲ್ಲ, ಶಾಲೆಯ ಶಾಸನ. ನಾಗಾವಿಯ ಘಟಿಕಾಸ್ಥಾನದಲ್ಲಿ ಓದುವ ವಿದ್ಯಾರ್ಥಿಗಳಿಗೆ, ಕಲಿಸುವ ಗುರುಗಳಿಗೆ ಭೂಮಿ ಬಿಟ್ಟದ್ದನ್ನು ಅದು ಹೇಳುತ್ತದೆ. ಅಷ್ಟೇ ಅಲ್ಲ, ಪುಸ್ತಕಗಳನ್ನು ನೋಡಿಕೊಳ್ಳುವ ಆರು ಜನ ಸರಸ್ವತೀ ಭಂಡಾರಿಗರಿಗೂ ಅದರಲ್ಲಿ ಪಾಲು ಇತ್ತು. ಸುಮಾರು 965 ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ವಿದ್ಯಾಸ್ಥಾನದಲ್ಲಿ ಆರು ಜನ ಗ್ರಂಥಪಾಲಕರು ಇದ್ದರು. ಇವತ್ತು ನಮ್ಮ ಎಷ್ಟು ಸರಕಾರಿ ಪ್ರೌಢಶಾಲೆಗಳಲ್ಲಿ ಒಬ್ಬ ಗ್ರಂಥಪಾಲಕ ಇದ್ದಾನೆ? ಇದನ್ನು ದೂರು ಎಂದು ಹೇಳುತ್ತಿಲ್ಲ, ಶಾಸನ ಓದಿದ ಮೇಲೆ ಹುಟ್ಟಿದ ಪ್ರಶ್ನೆ ಎಂದು ಹೇಳುತ್ತಿದ್ದೇನೆ.

ಹೈದರಾಬಾದ್ ಸಂಸ್ಥಾನದಲ್ಲಿ 1914ರಲ್ಲಿ ಪುರಾತತ್ವ ಇಲಾಖೆ ಆರಂಭವಾಯಿತು. ಮುಂದೆ ವಿದ್ವಾಂಸ ಪಿ. ಬಿ. ದೇಸಾಯಿ ಅವರು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಓದಿ ಪ್ರಕಟಿಸಿದರು. ಆ ಕೆಲಸ ಇಲ್ಲದಿದ್ದರೆ ಎಷ್ಟೋ ಕಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿಯೇ ಉಳಿಯುತ್ತಿದ್ದವು. ಹೊಲದ ಬದುವಿನಲ್ಲಿ, ಹನುಮಂತ ದೇವರ ಗುಡಿಯ ಹಿಂದೆ, ಬಾವಿಯ ಕಟ್ಟೆಯಲ್ಲಿ ಸೂರ್ಯ ಚಂದ್ರ, ಆಕಳು ಕರು ಕೆತ್ತಿದ ಕಲ್ಲು ಕಂಡರೆ ಅದು ದಾನಶಾಸನ ಇರಬಹುದು. ಕತ್ತಿ ಹಿಡಿದ ವೀರನೂ ಅವನನ್ನು ಕರೆದೊಯ್ಯುವ ಅಪ್ಸರೆಯರೂ ಇದ್ದರೆ ಅದು ವೀರಗಲ್ಲು. ಅದಕ್ಕೆ ಆಯಿಲ್ ಪೇಂಟ್ ಬಳಿಯಬೇಡಿ. ಒಮ್ಮೆ ಬಳಿದರೆ ಅಕ್ಷರ ಮುಚ್ಚಿಹೋಗುತ್ತದೆ.

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು. ಖ್ವಾಜಾ ಬಂದೇ ನವಾಜರು ಕಲಬುರಗಿಗೆ ಬಂದು ನೆಲೆಸಿ 1422ರಲ್ಲಿ ಇಲ್ಲಿಯೇ ತೀರಿಕೊಂಡರು. ಅದಾದ ಕೆಲವೇ ವರ್ಷಗಳಲ್ಲಿ ಬಹಮನಿ ಸುಲ್ತಾನ ಒಂದನೇ ಅಹಮದ್ ಶಾ ರಾಜಧಾನಿಯನ್ನು ಬೀದರಿಗೆ ಸಾಗಿಸಿದ. ಕಲಬುರಗಿಯಿಂದ ಬೀದರಿನ ಕಡೆಗೆ ಹೋಗುವ ಸೀಮೆಯಲ್ಲೇ ನಮ್ಮ ಊರಿದೆ. ಇವತ್ತಿಗೂ ನಮ್ಮ ಊರಿನ ಬದುಕು ಆ ರಸ್ತೆಯ ಬದುಕೇ.

ಆ ಕಾಲ ನಮಗೆ ಕೊಟ್ಟದ್ದು ಕೋಟೆ ಗುಮ್ಮಟ ಮಾತ್ರವಲ್ಲ, ಮಾತೂ ಹೌದು. ತಾಲ್ಲೂಕು, ಜಿಲ್ಲಾ, ತಹಶೀಲ್ದಾರ, ಜಮೀನು, ಅರ್ಜಿ, ದಫ್ತರ, ವಾರಸ, ಇವೆಲ್ಲ ಆ ಕಡೆಯಿಂದ ಬಂದ ಪದಗಳು. ನಮ್ಮ ಆಯಿ ಒಂದಕ್ಷರ ಓದಿದವಳಲ್ಲ. ಆದರೆ ಒಂದೇ ಮಾತಿನಲ್ಲಿ ಬಸವಣ್ಣನ ಕಾಯಕವನ್ನೂ ಪಾರ್ಸಿಯ ಜಮೀನನ್ನೂ ಸೇರಿಸಿ, "ಕಾಯಕ ಮಾಡಿದ್ರ ಜಮೀನು ಕೈ ಬಿಡಂಗಿಲ್ಲ" ಅನ್ನುತ್ತಿದ್ದಳು. ನಮ್ಮ ಚರಿತ್ರೆ ಎರಡು ಪ್ರತ್ಯೇಕ ಪುಸ್ತಕಗಳಲ್ಲ, ಆಯಿಯ ಈ ಒಂದು ವಾಕ್ಯ.

18ನೇ ಶತಮಾನದಿಂದ 1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿ ಇದ್ದೆವು. ಸರಕಾರದ ಭಾಷೆ ಉರ್ದು, ರೊಕ್ಕ ಹಾಲಿ ಸಿಕ್ಕಾ, ಕ್ಯಾಲೆಂಡರ್ ಫಸಲಿ. ಹಳ್ಳಿಯ ಲೆಕ್ಕ ಪಟವಾರಿಯ ಕೈಯಲ್ಲಿ, ಕಂದಾಯ ಮಾಲಿ ಪಾಟೀಲರ ಕೈಯಲ್ಲಿ, ಬಂದೋಬಸ್ತು ಪೊಲೀಸ್ ಪಾಟೀಲರ ಕೈಯಲ್ಲಿ. ಮನೆಯಲ್ಲಿ ಕನ್ನಡ ಮಾತಾಡುವ ಮಗು ಶಾಲೆಗೆ ಹೋದರೆ ಉರ್ದುವಿನಲ್ಲಿ ಕಲಿಯಬೇಕಿತ್ತು. ಅದರ ನಡುವೆಯೂ 1907ರಲ್ಲಿ ಕಲಬುರಗಿಯಲ್ಲಿ ನೂತನ ವಿದ್ಯಾಲಯ ಆರಂಭವಾಯಿತು. 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. 1871ರ ಹೊತ್ತಿಗೇ ರೈಲು ಕಲಬುರಗಿಯ ಮೂಲಕ ರಾಯಚೂರು ಮುಟ್ಟಿತ್ತು. ಆದರೆ ಕಲಬುರಗಿಯಿಂದ ಬೀದರಿನ ಕಡೆ ರೈಲು ಓಡಿದ್ದು 2017ರಲ್ಲಿ. ನಡುವೆ 146 ವರ್ಷ. ನಮ್ಮ ಭಾಗ ಹಿಂದುಳಿದದ್ದು ಯಾಕೆ ಎಂದು ಕೇಳುವವರಿಗೆ ಈ ಒಂದು ಲೆಕ್ಕ ತೋರಿಸಿದರೂ ಸಾಕು.

ಈಗ ನಮ್ಮ ಮನೆಯ ಕಾಗದದ ವಿಷಯಕ್ಕೆ ಬರುತ್ತೇನೆ.

ನಮ್ಮ ಮುತ್ಯಾನ ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದು ಉರ್ದು ಕಾಗದ ಇತ್ತು. ಕೆಳಗೆ ಮುತ್ಯಾನ ಹೆಬ್ಬೆಟ್ಟು. ಮುತ್ಯಾ ತೀರಿಕೊಂಡ ಮೇಲೆ ನಮ್ಮ ಅಪ್ಪ ಅದನ್ನು ಹೊಲದ ಸನದು ಎಂದು ತಿಳಿದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟಿದ್ದರು. ದಸರೆಗೆ ಅದಕ್ಕೂ ಬನ್ನಿ ಏರಿಸುತ್ತಿದ್ದರು. ಬದುವಿನ ತಕರಾರು ಬಂದಾಗಲೆಲ್ಲ, "ನಮ್ಮ ಹತ್ರ ನಿಜಾಮನ ಕಾಲದ ಕಾಗದ ಅದ" ಅನ್ನುತ್ತಿದ್ದರು. ಅದನ್ನು ಓದಿದವರು ಮಾತ್ರ ಯಾರೂ ಇರಲಿಲ್ಲ.

ಅಪ್ಪ ಹೋದ ಮೇಲೆ ವಾರಸ ಮಾಡಿಸುವ ಕೆಲಸಕ್ಕೆ ನಾನು ಆ ಕಾಗದ ತೆಗೆದುಕೊಂಡು ಕಲಬುರಗಿಯಲ್ಲಿ ನಿವೃತ್ತ ಉರ್ದು ಮಾಸ್ತರರೊಬ್ಬರ ಹತ್ತಿರ ಹೋದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ನಕ್ಕರು. "ಇದು ಹೊಲದ್ದಲ್ಲಪ್ಪ. ಸಾಮಾನಿನ ಯಾದಿ" ಅಂದರು.

ತಾರೀಖಿನ ಜಾಗದಲ್ಲಿ ಆಬಾನ್ ತಿಂಗಳು, 1357 ಫಸಲಿ ಎಂದಿತ್ತು. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ ಎಂದು ನಾನು ಎಲ್ಲೋ ಓದಿದ್ದೆ. ಕೂಡಿಸಿ 1947 ಅಂದೆ. ಮಾಸ್ತರರು ತಲೆ ಅಲ್ಲಾಡಿಸಿದರು. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಆಜರ್ ತಿಂಗಳಿನಿಂದ ಆರಂಭವಾಗುತ್ತಿತ್ತು. ಆಬಾನ್ ಕೊನೆಯ ತಿಂಗಳು. 1357 ಆರಂಭವಾದದ್ದು 1947ರ ಅಕ್ಟೋಬರಿನಲ್ಲಿ, ಹಾಗಾದರೆ ಅದರ ಆಬಾನ್ ಬರುವುದು 1948ರ ಸೆಪ್ಟೆಂಬರ್ ಸುಮಾರಿಗೆ. ನಾನು ದಿನವೂ ತಾರೀಖಿನ ಲೆಕ್ಕದ ಪ್ರೋಗ್ರಾಂ ಬರೆಯುವವನು, ನಮ್ಮ ಮನೆಯ ತಾರೀಖಿನಲ್ಲೇ ಒಂದು ವರ್ಷ ತಪ್ಪಿದ್ದೆ.

1948ರ ಸೆಪ್ಟೆಂಬರ್ ಎಂದರೆ ಏನೆಂದು ಇಲ್ಲಿಯ ಹಿರಿಯರಿಗೆ ಹೇಳಬೇಕಾಗಿಲ್ಲ. ಮಕ್ಕಳಿಗೆ ಹೇಳುತ್ತೇನೆ. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿರಲಿಲ್ಲ. ರಜಾಕಾರರ ಹಾವಳಿ ನಡೆದಿತ್ತು. ಅನೇಕರು ಮನೆ ಬಿಟ್ಟು ಸೊಲ್ಲಾಪುರದ ಕಡೆ ಹೋದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಗೆ ಬಂತು, 17ರಂದು ನಿಜಾಮರು ಶರಣಾದರು. ಸೆಪ್ಟೆಂಬರ್ 17ನ್ನು ನಾವು ಪ್ರತಿ ವರ್ಷ ಧ್ವಜ ಹಾರಿಸಿ ಆಚರಿಸುತ್ತೇವೆ. ಆದರೆ ಅದರ ನಂತರದ ವಾರಗಳಲ್ಲಿ ಏನೂ ಮಾಡದ ಎಷ್ಟೋ ಮುಸ್ಲಿಂ ಕುಟುಂಬಗಳು ಭಯದಿಂದ ಮನೆ ಬಿಡಬೇಕಾಯಿತು, ಜೀವಗಳೂ ಹೋದವು. ಅದನ್ನು ವಿಚಾರಿಸಲು ಭಾರತ ಸರಕಾರವೇ ಪಂಡಿತ ಸುಂದರಲಾಲ್ ಅವರ ಸಮಿತಿ ಕಳಿಸಿತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಜಿಲ್ಲೆಯನ್ನೂ ಆ ಸಮಿತಿ ಹೆಸರಿಸಿತು. ಮೊದಲಿನ ಭಯವೂ ಖರೆ, ನಂತರದ ಭಯವೂ ಖರೆ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಅದು ಚರಿತ್ರೆಯಾಗುವುದಿಲ್ಲ.

ನಮ್ಮ ಮನೆಯಲ್ಲಿ ಎರಡೂ ನಡೆದಿವೆ. ಆ ವರ್ಷದ ಬ್ಯಾಸಿಗೆಯಲ್ಲಿ ನಮ್ಮ ಮುತ್ಯಾ ಹೆಂಡತಿ ಮಕ್ಕಳನ್ನು ಕರೆದುಕೊಂಡು ಸೊಲ್ಲಾಪುರದ ಕಡೆ ಹೋಗಿದ್ದರು. ಮನೆಯ ಕೀಲಿಯನ್ನು ಗೋಡೆಯಾಚೆಯ ಮುಸ್ಲಿಂ ಮನೆಯವರ ಕೈಯಲ್ಲಿ ಕೊಟ್ಟಿದ್ದರು. ತಿರುಗಿ ಬಂದಾಗ ಹಗೇವಿನ ಜೋಳ ಇದ್ದ ಹಾಗೇ ಇತ್ತು. ಇದನ್ನು ಆಯಿ ನಮಗೆ ನೂರು ಸಲ ಹೇಳಿದ್ದಳು. ಆಬಾನ್ ತಿಂಗಳಲ್ಲಿ ಅದೇ ಮನೆಯವರು ರಾತ್ರೋರಾತ್ರಿ ಕಲಬುರಗಿಯ ಸಂಬಂಧಿಕರ ಮನೆಗೆ ಹೋಗುವಾಗ ತಮ್ಮ ಸಾಮಾನು ನಮ್ಮ ಮನೆಯಲ್ಲಿ ಇಟ್ಟುಹೋದರು. ಇದನ್ನು ಆಯಿ ಒಮ್ಮೆಯೂ ಹೇಳಿರಲಿಲ್ಲ. ಇದನ್ನು ಹೇಳಿದ್ದು ಆ ಕಾಗದ.

ಯಾದಿಯಲ್ಲಿ ಒಂಬತ್ತು ಸಾಲು. ಹೊಲಿಗೆ ಯಂತ್ರ 1. ಟ್ರಂಕು 1. ಮಂಚ 1. ಹಿತ್ತಾಳೆ ಕೊಡ 2. ಜೋಳದ ಚೀಲ 3. ಗಾಡಿ ಗಾಲಿ ಒಂದು ಜೊತೆ. ಕುರಾನ್ ಇಡುವ ಕಟ್ಟಿಗೆಯ ರೆಹಲ್ 1. ಆಡು 2. ತಾಮ್ರದ ಹಂಡೆ 1. ಓದಲು ಬಾರದ ಮುತ್ಯಾ, ಅವರು ಬರೆದದ್ದನ್ನು ನಂಬಿ ಹೆಬ್ಬೆಟ್ಟು ಒತ್ತಿದ್ದರು. ಬೇರೆ ಮಸಿಯಲ್ಲಿ ಪ್ರತಿ ಸಾಲಿನ ಮುಂದೆ ತಿರುಗಿ ಮುಟ್ಟಿತು ಎಂಬ ಗುರುತು. ಆಡಿನ ಮುಂದೆ "ಮರಿ ಸೇರಿ 3" ಎಂದಿತ್ತು. ನಡುವೆ ಈದ ಮರಿಯನ್ನೂ ಮುತ್ಯಾ ಲೆಕ್ಕಕ್ಕೆ ಹಿಡಿದು ಒಪ್ಪಿಸಿದ್ದರು. ಮಾಸ್ತರರು ಅದನ್ನು ಓದಿದಾಗ ನನ್ನ ಎದೆ ಉಬ್ಬಿತು. ಆಮೇಲೆ ಅವರು, "ಎಂಟಕ್ಕೆ ಗುರುತು ಅದ. ಹಂಡೆಗೆ ಇಲ್ಲ" ಅಂದರು.

ನಮ್ಮ ಬಚ್ಚಲಿನಲ್ಲಿ ಒಂದು ತಾಮ್ರದ ಹಂಡೆ ಇದೆ. ನಾನು ಹುಟ್ಟುವ ಮೊದಲಿನಿಂದ ಇದೆ. ಅದರ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಉರ್ದು ಅಕ್ಷರಗಳಿವೆ. ಅದು ಅಂಗಡಿಯವನ ಮುದ್ರೆ ಎಂದು ನಾವು ತಿಳಿದಿದ್ದೆವು. ಆ ರಾತ್ರಿ ಮನೆಗೆ ಬಂದು ಹುಣಸೆಹಣ್ಣು ಹಚ್ಚಿ ಕಂಠ ತಿಕ್ಕಿ, ಫೋಟೊ ತೆಗೆದು ಮಾಸ್ತರರಿಗೆ ಕಳಿಸಿದೆ. ಅದು ಒಬ್ಬ ಹೆಣ್ಣುಮಗಳ ಹೆಸರು.

ನಾನು ನಮ್ಮವ್ವನಿಗೆ ಹೇಳಿದೆ. ಅವ್ವ ಒಪ್ಪಲಿಲ್ಲ. "ಅದು ನಮ್ಮ ಹಂಡೆನೇ ಅಲ್ಲಂದ್ರ ಹ್ಯಾಂಗೋ? ನಿನ್ನ ಬಾಣಂತನದ ನೀರು ಅದರಾಗೇ ಕಾಸೀನಿ. ನಿಮ್ಮಕ್ಕನ ಮದುವಿ ಅರಿಶಿಣದ ನೀರೂ ಅದರಾಗೇ. ನಿಮ್ಮ ಮುತ್ಯಾ ಮಂದಿ ಸಾಮಾನು ಇಟ್ಕೊಳ್ಳೋ ಮನಶ್ಯಾ ಅಲ್ಲ" ಅಂದಳು. ಅವಳ ಮಾತಿನಲ್ಲೂ ಒಂದು ನ್ಯಾಯ ಇತ್ತು. ಯಾದಿಯ ಕಾಗದ ನಮ್ಮ ಮನೆಯಲ್ಲಿ ಇದೆ ಎಂದರೆ ಲೆಕ್ಕ ಮುಗಿಸಿ ಅವರೇ ಅದನ್ನು ಮುತ್ಯಾನ ಕೈಗೆ ಕೊಟ್ಟಿರಬೇಕು. ಹಂಡೆಯನ್ನು ಅವರು ಪ್ರೀತಿಯಿಂದ ಬಿಟ್ಟುಕೊಟ್ಟಿರಲೂಬಹುದು. ಮುತ್ಯಾ ಮರೆತಿರಲೂಬಹುದು. ಇಟ್ಟುಕೊಂಡಿರಲೂಬಹುದು. ಕಾಗದ ಈ ಮೂರರಲ್ಲಿ ಒಂದನ್ನು ಆರಿಸಿಕೊಡುವುದಿಲ್ಲ. ಕೇಳಬೇಕೆಂದರೆ ಮುತ್ಯಾ ಇಲ್ಲ, ಆಯಿ ಇಲ್ಲ, ಅಪ್ಪನೂ ಇಲ್ಲ.

ಉಳಿದ ದಾರಿ ಒಂದೇ. ಆ ಮನೆಯವರನ್ನು ಹುಡುಕಿಕೊಂಡು ಹೋದೆ. ಅವರು ಕಲಬುರಗಿಯಲ್ಲೇ ಇದ್ದಾರೆ. ಮನೆಯ ಹಿರಿಯ ಖಾಲಾ, ಹಂಡೆಯ ಮೇಲೆ ಹೆಸರಿದ್ದ ಹೆಣ್ಣುಮಗಳ ಸೊಸೆ. ಆಟೋದಿಂದ ಹಂಡೆ ಇಳಿಸಿ ಅಂಗಳದಲ್ಲಿ ಇಟ್ಟೆ. ಖಾಲಾ ಕಂಠದ ಮೇಲಿನ ಹೆಸರಿನ ಮೇಲೆ ಬೆರಳು ಆಡಿಸಿದರು. ಬಹಳ ಹೊತ್ತು ಮಾತಾಡಲಿಲ್ಲ. ನಾನು, "ಖಾಲಾ, ಇದು ನೀವು ಕೊಟ್ಟಿದ್ದೋ ನಮ್ಮಲ್ಲಿ ಉಳಿದಿದ್ದೋ ನನಗ ತಿಳೀವಲ್ದು. ಉಳಿದಿದ್ದೇ ಆದ್ರ ನಮ್ಮದು ತಪ್ಪಾಯ್ತು" ಅಂದೆ.

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ. "ನಮ್ಮತ್ತಿ ಸಾಯೋ ತನಕ ಈ ಹಂಡೆ ಸುದ್ದಿ ತಗೀತಿದ್ದಳಪ್ಪ. ತವರ ಮನಿಂದ ತಂದದ್ದು. ಆದ್ರ ನಿಮ್ಮ ಮನಿ ಮ್ಯಾಲ ಒಂದು ಮಾತು ಅಂದಾಕಿ ಅಲ್ಲ. ಎಲ್ಲೋ ಅದ, ಯಾರಿಗೋ ನೀರು ಕಾಯ್ಲಿಕತ್ತದ ಅಂತಿದ್ದಳು." ಆಮೇಲೆ, "ಬ್ಯಾಡ ಅನ್ನಂಗಿಲ್ಲ ನಾನು. ಇಟ್ಕೋತೀನಿ" ಅಂದರು. ಹಂಡೆ ಅಲ್ಲಿ ಉಳಿಯಿತು. ನಾನು ಚಹಾ ಕುಡಿದು ಬಂದೆ. ಇವತ್ತು ಆ ಮನೆಯವರು ಇದೇ ಸಭೆಯಲ್ಲಿ ಕುಳಿತಿದ್ದಾರೆ. ಹೆಸರು ಹೇಳಬೇಡ ಎಂದಿದ್ದಾರೆ, ಕತೆ ಹೇಳಲು ಒಪ್ಪಿಗೆ ಕೊಟ್ಟಿದ್ದಾರೆ. ನಮ್ಮವ್ವ ಈಗಲೂ ಸ್ವಲ್ಪ ಸಿಟ್ಟಿನಲ್ಲೇ ಇದ್ದಾಳೆ. ಅವಳೂ ಇಲ್ಲಿದ್ದಾಳೆ.

ಇದನ್ನು ನನ್ನ ದೊಡ್ಡತನ ಹೇಳಿಕೊಳ್ಳಲು ಹೇಳಲಿಲ್ಲ. ಎರಡು ಕಾರಣಕ್ಕೆ ಹೇಳಿದೆ. ಒಂದು, ಎಪ್ಪತ್ತಕ್ಕೂ ಹೆಚ್ಚು ವರ್ಷ ನಾವು ಓದದ ಕಾಗದವನ್ನು ಪೂಜೆ ಮಾಡಿದೆವು. ಎರಡು, ಕಾಗದ ಓದಿದ ಮೇಲೂ ಖರೆ ತಿಳಿಯಲಿಲ್ಲ, ಮನುಷ್ಯರನ್ನು ಕೇಳಬೇಕಾಯಿತು. ಊರಿನ ಚರಿತ್ರೆಗೆ ಈ ಎರಡೂ ಬೇಕು.

1948ರ ನಂತರದ ಚರಿತ್ರೆ ನಮ್ಮ ಕಣ್ಣ ಮುಂದಿನದು. 1949ರಲ್ಲಿ ಜಾಗೀರುಗಳು ರದ್ದಾದವು. ಅದೇ ವರ್ಷ ಕಲಬುರಗಿಯಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ ಮತ್ತೆ ಸಾಹಿತ್ಯ ಸಮ್ಮೇಳನ ನಡೆಯಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಉರ್ದುವಿನ ಪಹಣಿ ಕನ್ನಡವಾಯಿತು. 1974ರ ಭೂಸುಧಾರಣೆಯಲ್ಲಿ ಉಳುವವನೇ ಒಡೆಯ ಎಂದಾಗ ಫಾರಂ 7 ತುಂಬಿದವರ ಮಕ್ಕಳು ಈ ಶಾಲೆಗೆ ಬಂದರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾದಾಗ ನಾನು ಸಣ್ಣವನು. ಎಷ್ಟೋ ದಿನ ಅಂಗಳದಲ್ಲೇ ಮಲಗಿದ್ದು ನೆನಪಿದೆ. ಕಲ್ಲು ಮಣ್ಣಿನ ಮಾಳಿಗೆ ಮನೆಗಳ ಮೇಲೆ ಜನರಿಗೆ ಇದ್ದ ನಂಬಿಕೆ ಆಗ ಅಲುಗಿತು. ಬೆಳಕೋಟಾ ಹತ್ತಿರ ಗಂಡೋರಿ ನಾಲಾ ಜಲಾಶಯ ಬಂತು. 371ಜೆ ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ಸೀಟು, ನೌಕರಿಯಲ್ಲಿ ಪಾಲು ಸಿಕ್ಕಿತು. 2023ರ ಜನವರಿಯಲ್ಲಿ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ತಾಂಡಾದಿಂದ ನಡೆದು ಬರುತ್ತಿದ್ದ ನನ್ನ ಗೆಳೆಯರ ಮನೆಗಳು ಅಲ್ಲಿಯವರೆಗೆ ಇದ್ದೂ ದಾಖಲೆಯಲ್ಲಿ ಇರಲಿಲ್ಲ. ಊರಿನ ಚರಿತ್ರೆ ಬರೆಯುವಾಗ ಅವರಿಂದಲೇ ಆರಂಭಿಸಬೇಕು ಎಂದು ನನ್ನ ಆಸೆ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ 75.36 ಪ್ರತಿಶತ, ನಮ್ಮ ಜಿಲ್ಲೆಯದು 64.85. ಓದಲು ಬಾರದ ಮುತ್ಯಾ ಆಯಿಗಳು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ ಎಂದು ಈ ಅಂಕಿ ಹೇಳುತ್ತದೆ. ಅವರಿಗೆ ಓದಲು ಬಾರದು, ಆದರೆ ಊರು ನೆನಪಿದೆ. ನಿಮಗೆ ಓದಲು ಬರುತ್ತದೆ, ಊರು ಗೊತ್ತಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಇರುವ ಕಾಲ ಇನ್ನು ಹತ್ತು ಹದಿನೈದು ವರ್ಷ ಮಾತ್ರ.

ಅದಕ್ಕೆ ಈಗಿನ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಒಂದು, ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಒಂದು ತಾಸು ಅವರ ಮಾತು ರೆಕಾರ್ಡ್ ಮಾಡಿ. 1972ರ ಬರದಲ್ಲಿ ಏನು ತಿಂದರು, ಯಾವ ಊರಿಗೆ ದುಡಿಯಲು ಹೋದರು, ಮದುವೆಗೆ ಯಾರ ಗಾಡಿ ಬಂತು ಎಂದು ಕೇಳಿ. ಎರಡು, ಮನೆಯ ಹಳೆಯ ಕಾಗದಗಳ ಫೋಟೊ ತೆಗೆದಿಡಿ. ಉರ್ದು ಇರಲಿ, ಮೋಡಿ ಇರಲಿ, ಬಿಸಾಡಬೇಡಿ. ಮೂರು, ಹೊಲಗಳ ಹೆಸರು ಬರೆಯಿರಿ. ಸರ್ವೆ ನಂಬರು ಕಂಪ್ಯೂಟರಿನಲ್ಲಿ ಇದೆ, ಹೊಲದ ಹೆಸರು ನಿಮ್ಮ ಮುತ್ಯಾನ ಬಾಯಿಯಲ್ಲಿ ಮಾತ್ರ ಇದೆ. ನಾಲ್ಕು, ಹಂಡೆ ಕೊಡಗಳ ಕಂಠ ನೋಡಿ, ಯಾರ ಹೆಸರಿದೆ ಓದಿ. ನಮ್ಮ ಬ್ಯಾಚಿನವರು ಸೇರಿ ಇದಕ್ಕಾಗಿ ಒಂದು ಸ್ಕ್ಯಾನರ್ ಮತ್ತು ಒಂದು ಕಂಪ್ಯೂಟರನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡುತ್ತಿದ್ದೇವೆ. ಕನ್ನಡದಲ್ಲಿ ಸಂಗ್ರಹಿಸಿ ಇಡುವ ವ್ಯವಸ್ಥೆಯನ್ನು ನಾನು ಮಾಡಿಕೊಡುತ್ತೇನೆ. ಉರ್ದು ಓದಿ ಕೊಡಲು ನಮ್ಮ ಮಾಸ್ತರರು ಒಪ್ಪಿದ್ದಾರೆ, ತಿಂಗಳಿಗೆ ಒಂದು ಶನಿವಾರ ಬರುತ್ತಾರೆ. ನಾಗಾವಿಯಲ್ಲಿ ಆರು ಜನ ಸರಸ್ವತೀ ಭಂಡಾರಿಗರು ಇದ್ದರು. ನಮ್ಮ ಶಾಲೆಯಲ್ಲೂ ಆರು ವಿದ್ಯಾರ್ಥಿಗಳು ಆ ಕೆಲಸಕ್ಕೆ ಹೆಸರು ಕೊಡಿ. ಕಾರ್ಯಕ್ರಮ ಮುಗಿದ ಮೇಲೆ ನಾನು ಗ್ರಂಥಾಲಯದ ಬಾಗಿಲ ಹತ್ತಿರ ಇರುತ್ತೇನೆ.

ಈ ಶಾಲೆಗೆ ಐವತ್ತು ವರ್ಷವಾಯಿತು. ಇದರ ಹಾಜರಿ ಪುಸ್ತಕಗಳನ್ನು ಇವತ್ತಿನಿಂದಲೇ ಜೋಪಾನ ಮಾಡಿದರೆ ನೂರನೇ ವರ್ಷಕ್ಕೆ ಅವೇ ನಮ್ಮ ಊರಿನ ಶಾಸನಗಳಾಗುತ್ತವೆ. ಅದರಲ್ಲಿ ನನ್ನ ಹೆಸರೂ ಇದೆ, ಗೈರುಹಾಜರಿಯ ಕೆಂಪು ಗುರುತೂ ಇದೆ. ಎರಡನ್ನೂ ಅಳಿಸದೆ ಇಡಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.